ಮುಚ್ಚಳದ ಮೇಲಿನ ಗಂಧ

"ಗುರುಗಳೇ, ದಿನದಿನಕ್ಕೂ ಪೂಜೆ ಹೆಚ್ಚಿಸಿದೆ. ಮಗಳು ನಡುವೆ ಬಂದು ಮಾತಾಡಿಸುತ್ತಾಳೆಂದು ಒಳಗಿನಿಂದ ಚಿಲಕ ಹಾಕಿಕೊಂಡು ಕೂರುತ್ತೇನೆ. ಆದರೂ ಮನಸ್ಸು ಅರ್ಧಕ್ಕೇ ನಿಂತುಹೋಗುತ್ತದೆ. ಇನ್ನೊಂದು ವ್ರತ ಹಿಡಿಯಲೇ?" ಎಂದು ಗವಿಯಪ್ಪನೆಂಬ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಲ್ಲಿ ತಂದೆಯ ಕಾಲದ ಮೋಟಾರ್ ಸೈಕಲ್ ಒಂದಿತ್ತು. ಹೆಂಡತಿಗೆ ಮೂತ್ರಪಿಂಡದ ಕಾಯಿಲೆ. ಯಂತ್ರದಿಂದ ರಕ್ತ ಶುದ್ಧಿ ಮಾಡಿಸಲು ವಾರವಾರವೂ ಅವಳನ್ನು ಹಿಂದೆ ಕೂರಿಸಿಕೊಂಡು ಪೇಟೆಯ ಆಸ್ಪತ್ರೆಗೆ ಹೋಗಬೇಕಿತ್ತು. ಹೇಳಿದ ಹೊತ್ತಿಗೆ ತಲುಪದಿದ್ದರೆ ಆ ಯಂತ್ರ ಬೇರೆ ರೋಗಿಗೆ ಹೋಗುತ್ತಿತ್ತು.

ಆಯುಧಪೂಜೆ ಕಳೆದ ಮೇಲೆ ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ಸ್ವಲ್ಪ ದೂರ ಚೆನ್ನಾಗಿ ಓಡುವುದು, ಆಮೇಲೆ ಜಗ್ಗಿ ಜಗ್ಗಿ ನಿಲ್ಲುವುದು. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬುರೇಟರ್ ತೊಳೆದ. ಅಂಗಡಿಯ ಮುಂದೆ ಓಡಿಸಿ ನೋಡಿದರೆ ಏನೂ ತೊಂದರೆಯಿಲ್ಲ. ಪೇಟೆಯ ದಾರಿ ಹಿಡಿದರೆ ಮತ್ತೆ ಅದೇ ಪಾಡು.

ನಿಂತಾಗೆಲ್ಲ ನೇಕಾರ ಪೆಟ್ರೋಲ್ ಇದೆಯೇ ಎಂದು ಟ್ಯಾಂಕಿನ ಮುಚ್ಚಳ ತೆಗೆದು ಇಣುಕುವನು. ಮತ್ತೆ ಮುಚ್ಚಿ, ಮನೆದೇವರನ್ನು ನೆನೆದು ಕಿಕ್ ಹೊಡೆಯುವನು. ಗಾಡಿ ಹೊರಡುವುದು. ದೇವರು ಕೇಳಿಸಿಕೊಂಡನೆಂದು ನಂಬಿ, ಮನೆಗೆ ಬಂದವನೇ ಆಯುಧಪೂಜೆಯ ದಿನ ಮುಚ್ಚಳಕ್ಕೆ ಬಳಿದಿದ್ದ ಗಂಧದ ಮೇಲೆ ಇನ್ನಷ್ಟು ಗಂಧ ಬಳಿಯುವನು. ಮುಂದಿನ ವಾರ ಗಾಡಿ ಇನ್ನೂ ಬೇಗ ನಿಲ್ಲುವುದು.

ಒಂದು ವಾರ ತಲುಪುವುದು ತೀರ ತಡವಾಯಿತು. ಅವಳ ಸರದಿ ಹೋಗಿತ್ತು. ಬೇಡಿಕೊಂಡ ಮೇಲೆ ಮರುದಿನ ಬೆಳಿಗ್ಗೆ ಬರಲು ಹೇಳಿದರು. ಅವಳು ಊದಿದ ಕಾಲುಗಳಲ್ಲೇ ಹಿಂದಿರುಗಿದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಮರುದಿನ ಗಾಡಿ ಊರ ಕೆರೆಯ ಏರಿ ದಾಟುವ ಮೊದಲೇ ನಿಂತಿತು. ನೇಕಾರ ಗಾಡಿಯಿಂದ ಇಳಿದ. ಮುಚ್ಚಳ ತಿರುಗಿಸಿದ.

"ರೀ, ತಾಳಿ. ನೀವು ಮುಚ್ಚಳ ತೆಗೆದಾಗೆಲ್ಲ ಅದು ಉಸ್ಸಂತ ಗಾಳಿ ಎಳ್ಕೊಳ್ಳುತ್ತೆ. ಉಸಿರು ಕಟ್ಟೋದು ಹೇಗಿರುತ್ತೆ ಅಂತ ನಂಗೊತ್ತು," ಎಂದಳು ಹೆಂಡತಿ.

"ಅದಕ್ಕೇನು ಮೂಗಿದೆಯೇನೇ?"

"ಇತ್ತು ಅನ್ಸುತ್ತೆ. ನೀವು ಮೆತ್ತಿದೀರಲ್ಲ ಗಂಧ, ಅದರ ಕೆಳಗೆ ನೋಡಿ."

ನೇಕಾರ ಗಂಧ ಕೆರೆದ. ಮುಚ್ಚಳದ ನಡುವೆ ಸಾಸಿವೆಗಿಂತ ಸಣ್ಣ ತೂತೊಂದಿತ್ತು. ಪೆಟ್ರೋಲ್ ಇಳಿದಂತೆ ಆ ಜಾಗಕ್ಕೆ ಗಾಳಿ ಹೋಗಲೆಂದು ಇಟ್ಟದ್ದು. ಗಂಧ ಒಣಗಿ ಅದನ್ನು ಮುಚ್ಚಿತ್ತು. ಒಳಗೆ ಗಾಳಿ ಹೋಗದೆ ಕೆಳಗೆ ಪೆಟ್ರೋಲ್ ಇಳಿಯುತ್ತಿರಲಿಲ್ಲ.

ಅವಳು ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಅವನು ತೂತು ಬಿಡಿಸಿದ. ಆಮೇಲೆ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಅಲ್ಲಿದ್ದರು. ಅವಳಿಗೆ ಯಂತ್ರ ಹಾಕಿದ ಮೇಲೆ ನೇಕಾರ ಪಕ್ಕದ ಬೆಂಚಿನಲ್ಲಿ ಕೂತಲ್ಲೇ ನಿದ್ದೆ ಹೋದ. ಎಷ್ಟೋ ವಾರಗಳಿಂದ ಬಾರದಿದ್ದ ನಿದ್ದೆ. ಸರದಿ ಮುಗಿದ ಮೇಲೆ ಅವಳೇ ಅವನನ್ನು ಎಬ್ಬಿಸಬೇಕಾಯಿತು.

ಕತೆ ಕೇಳಿ ಗವಿಯಪ್ಪನೂ ಹಗುರಾದ. ಹಾಗಾದರೆ ಆ ನೇಕಾರ ಗಂಧ ಹಚ್ಚುವುದನ್ನೇ ಬಿಟ್ಟನೇ ಎಂದು ಕೇಳಿದ. ಇಲ್ಲ, ಈಗಲೂ ಹಚ್ಚುತ್ತಾನೆ, ತೂತು ಬಿಟ್ಟು ಹಚ್ಚುತ್ತಾನೆ ಎಂದರು ಗುರುಗಳು.

"ನಾಳೆ ಚಿಲಕ ತೆಗೆದಿಟ್ಟು ಪೂಜೆಗೆ ಕೂರಪ್ಪ."