ಅವರೆಯ ಮೊಳಕೆ ಬೆನ್ನು ಕೊಟ್ಟು ಬಂದದ್ದು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲವದು. ಬೆಟ್ಟಗಳು ತಮ್ಮ ಜಾಗದಲ್ಲಿ ಸರಿಯಾಗಿ ಕುಳಿತಿರಲಿಲ್ಲ. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಇಷ್ಟನ್ನೆಲ್ಲ ಹೊತ್ತು ಹೊತ್ತು ಭೂಮಿತಾಯಿಗೆ ಆಗಲೇ ಸುಸ್ತಾಗಿತ್ತು.

ಆಗ ಮೊಳಕೆಗಳು ತಲೆ ಮುಂದಿಟ್ಟು, ಕಡ್ಡಿಯ ಹಾಗೆ ನೆಟ್ಟಗೆ ಮೇಲೆ ಬರುತ್ತಿದ್ದವು. ಹಾಗೆ ಬರುವುದೇ ಮರ್ಯಾದೆ ಎಂದು ತಿಳಿದಿದ್ದವು. ಮಣ್ಣು ಮೆತ್ತಗಿದ್ದರೆ ಬದುಕುತ್ತಿದ್ದವು. ಗಟ್ಟಿಯಿದ್ದರೆ ಎಳೆಯ ಎಲೆಗಳು ತರಚಿ, ಕತ್ತಲಲ್ಲೇ ಬಾಡುತ್ತಿದ್ದವು.

ಬೊಮ್ಮಕ್ಕ ಎಂಬ ಹೆಂಗಸು ಆಗಷ್ಟೇ ಬೇಸಾಯ ಕಲಿಯುತ್ತಿದ್ದಳು. ಅದುವರೆಗೆ ಕಾಡು ಅಲೆದು ಗೆಡ್ಡೆ ಗೆಣಸು ತಿಂದು ಬದುಕಿದವಳು. ಈಗ ಸೊಂಟದಲ್ಲೊಂದು ಕೂಸಿತ್ತು. ಅದನ್ನು ಹೊತ್ತು ಅಲೆಯುವುದು ಸಾಕಾಗಿ ಹೋಗಿತ್ತು. ಒಂದೇ ಕಡೆ ನೆಲೆಯೂರಬೇಕೆಂದು ಒಂದು ಹಿಡಿ ಅವರೆಕಾಳು ಕೂಡಿಟ್ಟಿದ್ದಳು.

ಕಾಳು ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಿದಳು. ಅಷ್ಟರಮಟ್ಟಿಗೆ ಸರಿಯೇ. ಆಮೇಲೆ ಮಣ್ಣಿಗೆ ಹಾಕಿ, ಭದ್ರವಾಗಿರಲಿ ಎಂದು ಕಾಲಿನಿಂದ ತುಳಿದಳು. ಅದು ತಪ್ಪು. ಬಾಯಾರೀತೆಂದು ಕೊಡ ಕೊಡ ನೀರು ಸುರಿದಳು. ಅದೂ ತಪ್ಪು. ಬೆಳಗ್ಗೆ ಕೆದಕಿ ನೋಡಿದಳು, ಸಂಜೆ ಕೆದಕಿ ನೋಡಿದಳು. ಅದಂತೂ ದೊಡ್ಡ ತಪ್ಪು.

ಕೆಲವು ಕೊಳೆತವು. ಕೆಲವು ಬೇರು ಮುರಿದು ಸತ್ತವು. ಒಂದು ಮಾತ್ರ ಹೇಗೋ ಹೊರಗೆ ಬಂತು, ತಲೆಯ ಮೇಲೆ ಸಿಪ್ಪೆಯ ಟೊಪ್ಪಿಗೆ ಹೊತ್ತುಕೊಂಡು. "ಪಾಪ, ಇದಕ್ಕೆ ಕಣ್ಣು ಕಾಣದು," ಎಂದು ಬೊಮ್ಮಕ್ಕ ಟೊಪ್ಪಿಗೆ ಎಳೆದಳು. ಟೊಪ್ಪಿಗೆಯ ಜೊತೆ ತಲೆಯೂ ಬಂತು.

ಪೊದೆಯ ಮೇಲಿದ್ದ ಗೊರವಂಕ ನಕ್ಕಿತು. "ಏನೇ ಬೊಮ್ಮಕ್ಕ, ಕಾಳು ಬಿತ್ತಿದ್ದೀಯೋ, ಹೂತಿದ್ದೀಯೋ?"

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ!"

"ಮಣ್ಣೇನೋ ಇದೆ ಕಣೇ. ಕಾಳೆಲ್ಲಿ?"

ಗಂಟಿನ ಮೂಲೆಯಲ್ಲಿ ಒಂದೇ ಒಂದು ಕಾಳು ಉಳಿದಿತ್ತು. ಬೊಮ್ಮಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಸಿದು ಕುಳಿತಳು. "ಇದೂ ಹೋದರೆ ಮತ್ತೆ ಅಲೆದಾಟವೇ, ಕೂಸೇ," ಎಂದಳು.

ಕಾಳು ಮೆಲ್ಲಗೆ ಮಾತಾಡಿತು. "ಅಕ್ಕಾ, ನನ್ನ ಒಳಗೆ ಎರಡು ಎಳೆ ಎಲೆ ಇವೆ. ಆ ಗಟ್ಟಿ ಮಣ್ಣಿನಲ್ಲಿ ಅವನ್ನು ಹೇಗೆ ದಾಟಿಸಲಿ?"

"ನನ್ನನ್ನೇನು ಕೇಳ್ತೀಯಾ?" ಬೊಮ್ಮಕ್ಕನಿಗೆ ಮಾತಾಡುವಷ್ಟೂ ತ್ರಾಣವಿರಲಿಲ್ಲ. "ನೀರಿಗೆ ಹೋಗಬೇಕಾದರೆ ನಾನು ಮುಳ್ಳುಪೊದೆ ದಾಟಬೇಕು. ಕೂಸಿನ ಮುಖ ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಬೆನ್ನು ಕೊಟ್ಟು ನುಗ್ತೀನಿ. ಮುಳ್ಳು ನನಗೆ ಗೀರುತ್ತೆ, ಕೂಸಿಗೆ ತಾಗಲ್ಲ. ನನಗೆ ಗೊತ್ತಿರೋದು ಅಷ್ಟೇ."

ಕಾಳು ಆ ಮಾತನ್ನು ತನ್ನ ಎಳೆ ಎಲೆಗಳ ಜೊತೆ ಮಡಚಿಟ್ಟುಕೊಂಡಿತು.

ಭೂಮಿತಾಯಿ ನಿಟ್ಟುಸಿರಿಟ್ಟಳು. "ಮಗಳೇ, ಈ ಸಲವಾದರೂ ತುಳಿಯಬೇಡ, ಕೆದಕಬೇಡ. ನೀರು ಚಿಮುಕಿಸು, ಸಾಕು. ನನಗೂ ಒಂದಿಷ್ಟು ನಿದ್ದೆ ಬೇಕು."

ಬೊಮ್ಮಕ್ಕ ಕಾಳನ್ನು ಮಣ್ಣಿಗೆ ಹಾಕಿದಳು, ತುಳಿಯಲಿಲ್ಲ. ಕೆದಕಲಿಲ್ಲ. ನೀರು ಚಿಮುಕಿಸಿದಳು, ಕಾದಳು. ಮತ್ತೆ ಚಿಮುಕಿಸಿದಳು, ಮತ್ತೆ ಕಾದಳು. ಕಾಯುವುದು ಅಗೆಯುವುದಕ್ಕಿಂತ ಆಯಾಸದ ಕೆಲಸ.

ಒಂದು ಸಂಜೆ ಮಣ್ಣು ಬಿರುಕು ಬಿಟ್ಟಿತು. ಬಿರುಕಿನಲ್ಲಿ ಹಸಿರು ಬಳೆಯ ಚೂರಿನಂಥದ್ದೊಂದು ಬಾಗಿಕೊಂಡು ಎದ್ದಿತ್ತು. ತಲೆ ಇನ್ನೂ ಮಣ್ಣೊಳಗೇ ಇತ್ತು.

"ಅಯ್ಯೋ, ಕತ್ತು ಮುರಿದಿದೆ!" ಬೊಮ್ಮಕ್ಕ ಅದನ್ನು ನೆಟ್ಟಗೆ ಮಾಡಲು ಕೈ ಚಾಚಿದಳು.

"ಎಳಿ, ಎಳಿ!" ಎಂದಿತು ಗೊರವಂಕ. "ಹೋದ ಸಲ ಎಳೆದೆಯಲ್ಲ, ಹಾಗೇ!"

ಚಾಚಿದ ಕೈ ನಿಂತಿತು. ಬೆನ್ನ ಮೇಲಿನ ಮುಳ್ಳಿನ ಗೀರು ಚುರುಗುಟ್ಟಿತು. ಆಗ ಅವಳಿಗೆ ತಿಳಿಯಿತು. "ಇದರ ಕತ್ತು ಮುರಿದಿಲ್ಲ," ಎಂದಳು. "ಮಕ್ಕಳನ್ನು ಎದೆಗವುಚಿಕೊಂಡು ಬೆನ್ನು ಕೊಟ್ಟು ಬರ್ತಿದೆ."

ಅವಳು ಎರಡೂ ಕೈಗಳಿಂದ ಕೂಸನ್ನು ತಬ್ಬಿಕೊಂಡಳು, ಕೈಗಳು ಬೇರೆಲ್ಲೂ ಹೋಗದಿರಲಿ ಎಂದು. ಹಾಗೇ ಸೋತು, ಮಣ್ಣಿನ ಪಕ್ಕದಲ್ಲೇ ನಿದ್ದೆಹೋದಳು.

ಬೆಳಗಿನ ಜಾವ ಇಬ್ಬನಿ ಬಂತು. ಮಣ್ಣಿನಿಂದ ಆಗಷ್ಟೇ ಹೊರಬಂದಿದ್ದ ಟೊಪ್ಪಿಗೆಯನ್ನು ನೆನೆಸಿ ಮೆತ್ತಗೆ ಮಾಡಿತು. ಸೂರ್ಯ ಬಂದು ಪಿಸುಗುಟ್ಟಿದ: "ಮುಳ್ಳು ಮುಗಿಯಿತು ತಾಯಿ, ಇನ್ನು ತಲೆ ಎತ್ತು."

ಮೊಳಕೆ ನಿಧಾನವಾಗಿ, ತುಂಬ ನಿಧಾನವಾಗಿ ತಲೆ ಎತ್ತಿತು. ಟೊಪ್ಪಿಗೆ ತಾನಾಗಿ ಜಾರಿತು. ಒಳಗಿನಿಂದ ಎರಡು ಎಲೆಗಳು ಬಿಚ್ಚಿಕೊಂಡವು, ಒಂದು ಗೀರೂ ಇಲ್ಲದೆ. ಮೊದಲು ನೋಡಿದ್ದು ಕೂಸು. ಅದು ಕೇಕೆ ಹಾಕಿ ತಾಯಿಯನ್ನು ಎಬ್ಬಿಸಿತು.

ಆ ಬಳ್ಳಿಯ ಕಾಯಿ ಕೊಯ್ಯಲು ಬೊಮ್ಮಕ್ಕ ಅಲ್ಲೇ ಉಳಿದಳು. ಆಮೇಲೆ ಅವಳು ಅಲೆಯಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಅವರೆಯ ಮೊಳಕೆ ಬೆನ್ನು ಕೊಟ್ಟೇ ಮಣ್ಣು ದಾಟುತ್ತದೆ. ನಿನ್ನ ಕುಂಡದಲ್ಲಿ ಹಸಿರು ಬಳೆಯ ಚೂರು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲು. ಅದು ಬಹಳ ದಣಿದು ಬಂದಿದೆ, ತಲೆಯನ್ನು ತಾನೇ ಎತ್ತುತ್ತದೆ.