‘ಕೆಲವರು’ ಎಂಬ ಹೆಸರು

“ಗುರುಗಳೇ, ನಮ್ಮ ಮತ ಒಪ್ಪದವರ ಹೆಸರು ಹೇಳದೆ ‘ಕೆಲವರು’ ಎಂದಷ್ಟೇ ಬರೆಯುವುದು ಹಿರಿಯರ ಪದ್ಧತಿಯಲ್ಲವೇ? ಅದರಲ್ಲಿ ದೋಷವುಂಟೇ?” ಎಂದು ಶ್ರೀಕರನೆಂಬ ಶಿಷ್ಯ ಕೇಳಿದನು.

ಅವನ ಮೊದಲ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ಗುರುಗಳು ಅದರ ಮಾತೆತ್ತಲಿಲ್ಲ. ಕೈಯಲ್ಲಿದ್ದ ತುಳಸಿದಳವನ್ನು ಕಣ್ಣಿಗೊತ್ತಿಕೊಂಡು ಕತೆ ಹೇಳತೊಡಗಿದರು.

ಒಂದು ಮಠದಲ್ಲಿ ಒಬ್ಬ ಪಂಡಿತನಿದ್ದ. ದೈವಭಕ್ತ, ಓದಿಕೊಂಡವ, ಸಿಟ್ಟು ಮಾತ್ರ ಸ್ವಲ್ಪ ಮುಂದೆ. ಅವನಿಗೊಬ್ಬ ಹಿರಿಯ ಸಹಪಾಠಿ. ಇಬ್ಬರೂ ಒಬ್ಬರೇ ಗುರುಗಳ ಪಾದದ ಬಳಿ ಕೂತು ಕಲಿತವರು, ಒಂದೇ ಪಂಕ್ತಿಯಲ್ಲಿ ಉಂಡವರು. ಕಿರಿಯನಿಗೆ ತಿಳಿಯದ್ದನ್ನು ಹಿರಿಯ ಬಿಡಿಸಿ ಹೇಳುತ್ತಿದ್ದ. ಒಮ್ಮೆ ವಿದ್ವತ್ಸಭೆಯಲ್ಲಿ ಪಂಡಿತ ಒಂದು ವಾಕ್ಯಕ್ಕೆ ಅರ್ಥ ಹೇಳುತ್ತಿದ್ದ. ನಡುವೆ ಹಿರಿಯ ಬಾಯಿ ಹಾಕಿ, “ತಮ್ಮಾ, ಆ ಪಾಠದ ದಿನ ನೀನು ನಿದ್ದೆ ಹೊಡೆಯುತ್ತಿದ್ದೆ, ನನಗೆ ನೆನಪಿದೆ” ಎಂದುಬಿಟ್ಟ. ಸಭೆ ನಕ್ಕಿತು. ಅಂದಿನಿಂದ ಪಂಡಿತ ಹಿರಿಯನ ಮನೆಯ ಬೀದಿಯಲ್ಲಿ ನಡೆಯುವುದನ್ನೂ ಬಿಟ್ಟ.

ಮುಂದೆ ಪಂಡಿತ ಒಂದು ವ್ಯಾಖ್ಯಾನ ಬರೆಯಲು ಕೂತ. ಈಗಿನ ಕಾಲದವನು, ಕಂಪ್ಯೂಟರಿನಲ್ಲೇ ಬರೆಯುತ್ತಿದ್ದ. ಬರೆಯುವ ತಂತ್ರಾಂಶದಲ್ಲಿ ಒಂದು ಅನುಕೂಲವಿತ್ತು. ಯಾವ ಗ್ರಂಥದ ಮಾತು ತೆಗೆದುಕೊಂಡರೂ ಅದಕ್ಕಿಟ್ಟ ಪುಟ್ಟ ಗುರುತನ್ನು ಒತ್ತಿದರೆ ಸಾಕು, ಬರೆದವರ ಹೆಸರು, ಗ್ರಂಥದ ಹೆಸರು, ಪುಟ, ಎಲ್ಲ ಅಡಿಟಿಪ್ಪಣಿಯಾಗಿ ಕೂರುತ್ತಿದ್ದವು. ಕೊನೆಯ ಆಕರಪಟ್ಟಿಯೂ ತಾನಾಗಿ ಸಿದ್ಧವಾಗುತ್ತಿತ್ತು. ಪಂಡಿತ ಅದನ್ನು ತನಗೆ ಬೇಕಾದಂತೆ ತಿದ್ದಿಕೊಂಡ. ಹೆಸರಿನ ಮೊದಲಿಗೆ ಬರುವ ಊರನ್ನು ಅದು ಹಿಂದಕ್ಕೆ ತಳ್ಳುತ್ತಿತ್ತು. ಅದನ್ನು ಮುಂದಕ್ಕೆ ತಂದ. ಗುರುಗಳ ಹೆಸರು ಬಂದಲ್ಲೆಲ್ಲ ‘ಪೂಜ್ಯ’ ಎಂಬುದು ತಾನೇ ಬರುವಂತೆ ಮಾಡಿದ. ಅದು ಭಕ್ತಿ. ಆಮೇಲೆ ತಂತ್ರಾಂಶಕ್ಕೆ ಆದೇಶದ ಇನ್ನೊಂದು ಸಾಲು ಸೇರಿಸಿದ: ಹಿರಿಯ ಸಹಪಾಠಿಯ ಹೆಸರು ಬರಬೇಕಾದಲ್ಲೆಲ್ಲ ‘ಕೆಲವರು’ ಎಂದು ಬರಲಿ. ಅದು ಏನೆಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಎದುರುಪಕ್ಷದವರನ್ನು ಹೀಗೆ ಹೇಳುವುದು ಶಾಸ್ತ್ರದ ರೂಢಿಯೇ ಅಲ್ಲವೇ ಎಂದುಕೊಂಡ.

ಭಗವಂತನ ಕೃಪೆಯಿಂದ ಗ್ರಂಥ ಮುಗಿಯಿತು. ಪಂಡಿತ ದೇವರಿಗೆ ಕೈಮುಗಿದು ಬಂದು ಆಕರಪಟ್ಟಿ ತೆಗೆದ. ಒಬ್ಬೊಬ್ಬರ ಹೆಸರಿನ ಮುಂದೆ ಅವರ ಮಾತು ಬಂದ ಪುಟಗಳೆಲ್ಲ ಕಾಣುವಂತೆ ಅವನೇ ಮಾಡಿಟ್ಟಿದ್ದ. ಪೂಜ್ಯ ಗುರುಗಳ ಮುಂದೆ ಒಂದು ಸಾಲು. ‘ಕೆಲವರು’ ಎಂಬುದರ ಮುಂದೆ ಸಾಲಿನ ಮೇಲೆ ಸಾಲು. ಒಂದೊಂದೇ ಪುಟ ತೆಗೆದು ನೋಡಿದ. ಖಂಡಿಸಿದ್ದು ಎಲ್ಲೋ ಒಂದೆರಡು ಕಡೆ. ಉಳಿದೆಡೆಯೆಲ್ಲ, ತನಗೆ ದಾರಿ ಕಾಣದಿದ್ದಾಗ ಹಿರಿಯನ ಮಾತನ್ನೇ ಕೈಹಿಡಿದು ನಡೆದಿದ್ದ. ಅವನ ಕಿವಿ ಬಿಸಿಯಾಯಿತು. ಆದರೂ ಮನಸ್ಸು ಬಗ್ಗಲಿಲ್ಲ. ಆ ಸಾಲುಗಳು ಪಟ್ಟಿಯಲ್ಲಿ ಕಾಣದಂತೆ ಮಾಡಿಬಿಟ್ಟ.

ಆ ಮಠದಲ್ಲೊಂದು ಕ್ರಮವಿತ್ತು. ಯಾರೇ ಬರೆಯಲಿ, ಅಚ್ಚಿಗೆ ಹೋಗುವ ಮೊದಲು ಬರೆದವನ ಗುರುಗಳ ಬಳಿಯೇ ಕಲಿತ ಹಿರಿಯರೊಬ್ಬರು ಓದಿ ಒಪ್ಪಬೇಕು. ಹಾಗೆ ಕಲಿತವರಲ್ಲಿ ಉಳಿದಿದ್ದವನು ಆ ಸಹಪಾಠಿಯೊಬ್ಬನೇ. ಮಠದವರು ಬರಹವನ್ನು ಅವನಿಗೇ ಕಳಿಸಿದರು. ಕೆಲವು ದಿನಗಳಾದ ಮೇಲೆ ಕರೆ ಬಂತು. ಬಿಟ್ಟ ಬೀದಿಯಲ್ಲಿ ಪಂಡಿತ ನಡೆಯಲೇಬೇಕಾಯಿತು.

“ಬಾರಪ್ಪ, ಕೂತ್ಕೋ. ಚೆನ್ನಾಗಿ ಬರೆದಿದ್ದೀಯ,” ಎಂದ ಹಿರಿಯ. “ಒಂದು ಕೇಳಲೇ? ಯಾರಯ್ಯಾ ಈ ಕೆಲವರು? ಪರವಾಗಿಲ್ಲ, ನಮ್ಮ ಗುರುಗಳ ಪಾಠ ನೆಟ್ಟಗೆ ಕೇಳಿಸಿಕೊಂಡಿದ್ದಾರೆ.”

ಪಂಡಿತ ನೆಲ ನೋಡಿದ.

“ಹೋಗಲಿ ಬಿಡು. ಸಭೆಯಲ್ಲಿ ಆ ನಿದ್ದೆಯ ಮಾತು ಆಡಬಾರದಿತ್ತು ಅಂತ ಆ ಕೆಲವರಿಗೆ ಅಂದೇ ಅನಿಸಿತ್ತು. ಹೇಳೋಣವೆಂದರೆ ನೀನು ಈ ಕಡೆ ತಲೆ ಹಾಕಲಿಲ್ಲ,” ಎಂದು ಹಿರಿಯ ಬರಹದ ಮೇಲೆ ಒಪ್ಪಿಗೆಯ ಸಹಿ ಹಾಕಿ, ಎರಡೂ ಕೈಯಿಂದ ಅವನಿಗೆ ಕೊಟ್ಟ.

ಪಂಡಿತ ಮನೆಗೆ ಬಂದು ತಾನು ತಂತ್ರಾಂಶಕ್ಕೆ ಸೇರಿಸಿದ್ದ ಆ ಒಂದು ಸಾಲನ್ನು ಅಳಿಸಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೆಸರು ಎಲ್ಲ ಕಡೆಗೂ ಮರಳಿ ಬಂದಿತ್ತು. ಪುಟ ಪುಟದಲ್ಲೂ ಅದೇ ಹೆಸರು. ಅದರ ಎದುರು ಅವನಿಗೆ ಕತ್ತೆತ್ತಿ ಕೂರಲಾಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆ ಪಂಡಿತನದು ಹಗೆ, ಗುರುಗಳೇ. ನಾನು ಕೇಳಿದ್ದು ಪದ್ಧತಿಯ ಮಾತು,” ಎಂದ ಶ್ರೀಕರ. ದನಿ ಮಾತ್ರ ಮೊದಲಿನಂತಿರಲಿಲ್ಲ.

“ಹಾಗಾದರೆ ನಾಳೆ ಗುಡಿಯಲ್ಲಿ ಅರ್ಚಕರು ಯಾರ ಹೆಸರಿಗೆ ಅರ್ಚನೆ ಎಂದು ಕೇಳಿದಾಗ, ‘ಕೆಲವರ ಹೆಸರಿಗೆ’ ಎಂದು ಹೇಳು ಮಗು,” ಎಂದರು ಗುರುಗಳು.

ಶ್ರೀಕರ ಗುರುಗಳಿಗೆ ಕೈಮುಗಿದು, ತನ್ನ ಪುಸ್ತಕದ ‘ಕೆಲವರ’ ಹೆಸರುಗಳನ್ನು ಬರೆಯಲು ಎದ್ದು ಹೊರಟ.