ಯಾಳಿಯ ಬಾಯಿ

ಹಾಳುಬಿದ್ದ ಗುಡಿಯ ಕಂಬದಲ್ಲಿ ಕೆತ್ತಿದ್ದ ಯಾಳಿಯ ತೆರೆದ ಬಾಯಲ್ಲಿ ಗೊರವಂಕವೊಂದು ಗೂಡು ಕಟ್ಟಿತ್ತು. ಮರಿಗಳು ಕಣ್ಣು ಬಿಟ್ಟ ದಿನವೇ ಕೇರೆಹಾವೊಂದು ಆ ಕಂಬ ಹತ್ತತೊಡಗಿತು.

"ಯಾಳಿಯಣ್ಣ, ಬಾಯಿ ಮುಚ್ಚು! ಮರಿಗಳನ್ನು ಉಳಿಸು" ಎಂದು ಗೊರವಂಕ ಯಾಳಿಯ ಕಿವಿಯಲ್ಲಿ ಅಂಗಲಾಚಿತು.

"ನಾನು ಕಲ್ಲು, ತಾಯಿ. ಅಲ್ಲಾಡಲಾರೆ" ಎಂದು ಯಾಳಿ ಮೆಲ್ಲನೆ ಹೇಳಿತು.

"ಹಾವನ್ನು ತಿನ್ನುತ್ತೇನೆಂದು ಸುಳ್ಳನ್ನಾದರೂ ಹೇಳು."

"ಸುಳ್ಳು ನನಗೆ ಬಾರದು."

ಅಷ್ಟರಲ್ಲಿ ಹಾವು ಯಾಳಿಯ ಮುಖದೆದುರು ಬಂದು ತಟ್ಟನೆ ನಿಂತಿತು. ಸಿಂಹದ ಮುಖ, ಆನೆಯ ಸೊಂಡಿಲು, ಕುದುರೆಯ ಮೈ! ಇಂಥ ಪ್ರಾಣಿಯನ್ನು ಅದು ಎಲ್ಲೂ ಕಂಡಿರಲಿಲ್ಲ.

"ಎಷ್ಟು ಕಾಲದಿಂದ ಇಲ್ಲಿದ್ದೀಯ?" ಎಂದು ಹಾವು ಕೇಳಿತು.

"ಎಂಟುನೂರು ವರ್ಷದಿಂದ."

"ಏನು ತಿನ್ನುತ್ತೀಯ?"

ಗೊರವಂಕ ಮರಿಗಳ ಮೇಲೆ ರೆಕ್ಕೆ ಹರಡಿತು.

"ಇವತ್ತಿನವರೆಗೆ ಏನನ್ನೂ ತಿಂದಿಲ್ಲ" ಎಂದು ಯಾಳಿ ಇದ್ದದ್ದನ್ನೇ ಹೇಳಿತು.

ಹಾವಿನ ನಾಲಿಗೆ ಒಳಗೆ ಸರಿಯಿತು. "ಮತ್ತೆ, ಬಾಯೊಳಗಿನ ಈ ಹಕ್ಕಿಯನ್ನೇಕೆ ಬಿಟ್ಟಿದ್ದೀಯ?"

"ಅದು ನನ್ನನ್ನು ಕೇಳಿ ಒಳಗೆ ಬಂದದ್ದು."

ಹಾವು ಆ ಸಾಲು ಹಲ್ಲುಗಳನ್ನೊಮ್ಮೆ ನೋಡಿತು. ತಾನು ಯಾರನ್ನೂ ಕೇಳದೆ ಹತ್ತಿ ಬಂದದ್ದು ಅದಕ್ಕೆ ನೆನಪಾಯಿತು. ಹತ್ತಿದ್ದಕ್ಕಿಂತ ಬೇಗ ಇಳಿದು ಹೋಯಿತು.